ಪಾಸ್ ಔಟ್ ಆದವರು ಮೂರ್ಛೆ ಹೋದವರಲ್ಲ

ಶಿಕಾರಿಪುರದ ಬಸ್ ನಿಲ್ದಾಣದಲ್ಲೋ, ಸೊರಬದ ಯಾವುದೋ ಜೆರಾಕ್ಸ್ ಅಂಗಡಿಯ ಮುಂದೋ ಫೈಲು ಹಿಡಿದು ನಿಂತ ಹುಡುಗ ಹುಡುಗಿಯರನ್ನು ‘ಈಗ ಏನ್ ಮಾಡ್ತಿದ್ದೀರಿ?’ ಎಂದು ಕೇಳಿ ನೋಡಿ. ‘ಡಿಗ್ರಿ ಪಾಸ್ ಔಟ್ ಆಯ್ತು, ಕೆಲಸ ಹುಡುಕ್ತಾ ಇದ್ದೀವಿ’ ಎಂಬ ಉತ್ತರ ಬಂದೇ ಬರುತ್ತದೆ. ‘ನೀನು ಯಾವ ವರ್ಷದ ಪಾಸ್ ಔಟ್?’ ಎಂಬುದು ನಮ್ಮ ವಯಸ್ಸಿನವರಲ್ಲಿ ಹೆಸರು, ಊರು ಕೇಳಿದ ಮೇಲಿನ ಮೂರನೇ ಪ್ರಶ್ನೆ. ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರುವ ಉದ್ಯೋಗ ಮೇಳದ ಪೋಸ್ಟರುಗಳಲ್ಲೂ ‘ಇಂಥ ವರ್ಷದ ಪಾಸ್ ಔಟ್‌ಗಳು ಮಾತ್ರ’ ಎಂದೇ ಇರುತ್ತದೆ.

ಇಷ್ಟು ನಮ್ಮದಾಗಿಬಿಟ್ಟಿರುವ ಈ ಮಾತು ತಪ್ಪು ಇಂಗ್ಲಿಷ್ ಎಂದು ಈಚೆಗೆ ಎಲ್ಲ ಕಡೆ ಕೇಳುತ್ತಿದ್ದೇನೆ. ಸ್ಪೋಕನ್ ಇಂಗ್ಲಿಷ್ ರೀಲ್ಸ್ ಮಾಡುವವರಿಗೆ ‘ಭಾರತೀಯರು ಮಾಡುವ ತಪ್ಪುಗಳ’ ಪಟ್ಟಿಯಲ್ಲಿ ಇದೇ ಮೊದಲು ಸಿಗುತ್ತದೆ. ‘ಪಾಸ್ ಔಟ್ ಅಂದರೆ ಮೂರ್ಛೆ ಹೋಗೋದು, ಹಾಗನ್ನಬೇಡಿ’ ಎಂದು ಹೇಳಿ ನಗುತ್ತಾರೆ. ನಗುವುದು ರೀಲ್ಸ್‌ನಲ್ಲೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಆನವಟ್ಟಿ ಕಡೆಯ ನನ್ನ ಗೆಳೆಯನೊಬ್ಬ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಬಿ.ಕಾಂ. ಮುಗಿಸಿ ಟ್ಯಾಲಿ, ಜಿಎಸ್‌ಟಿ ಎರಡನ್ನೂ ಚೆನ್ನಾಗಿ ಕಲಿತಿದ್ದ. ಬೆಂಗಳೂರಿನ ಒಂದು ಕಂಪನಿಯ ಸಂದರ್ಶನಕ್ಕೆ ಹೋದಾಗ, ನಿನ್ನ ಬಗ್ಗೆ ಹೇಳು ಎಂದಿದ್ದಕ್ಕೆ ‘ಐ ಪಾಸ್ಡ್ ಔಟ್ ಇನ್ 2023’ ಎಂದ. ಎದುರಿಗಿದ್ದವರಲ್ಲಿ ಒಬ್ಬರು ಪಕ್ಕದವರ ಮುಖ ನೋಡಿ ನಕ್ಕು, ‘ಈಗ ಆರೋಗ್ಯ ಹೇಗಿದೆ?’ ಎಂದು ಇಂಗ್ಲಿಷಿನಲ್ಲಿ ಕೇಳಿದರಂತೆ. ಅವನಿಗೆ ಆ ಜೋಕು ತಕ್ಷಣ ಅರ್ಥವಾಗಲಿಲ್ಲ. ತಾನು ಏನೋ ತಪ್ಪಾಡಿದೆ ಎನ್ನುವುದಷ್ಟೇ ಗೊತ್ತಾಯಿತು. ಆಮೇಲೆ ಕೇಳಿದ ಲೆಕ್ಕಪತ್ರದ ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದರೂ ಬಾಯಿ ಬರಲಿಲ್ಲ. ಕೆಲಸ ಸಿಗದಿದ್ದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಅವನು ಮತ್ತೆ ನಾಲ್ಕು ತಿಂಗಳು ಯಾವ ಸಂದರ್ಶನಕ್ಕೂ ಹೋಗಲಿಲ್ಲ ಎನ್ನುವುದು ನಾನು ಕಂಡ ಸಂಗತಿ.

ಹಾಗಾದರೆ ಪಾಸ್ ಔಟ್ ನಿಜವಾಗಿಯೂ ತಪ್ಪೇ? ನಿಘಂಟನ್ನೇ ಕೇಳೋಣ. ಇಂಗ್ಲಿಷ್ ಕಲಿಯುವವರಿಗಾಗಿಯೇ ಇರುವ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಇದಕ್ಕೆ ಪ್ರಜ್ಞೆ ತಪ್ಪುವುದು ಎಂಬ ಅರ್ಥ ಇರುವುದು ನಿಜ. ಅದರ ಜೊತೆಗೇ ಬ್ರಿಟಿಷ್ ಇಂಗ್ಲಿಷಿನ ಇನ್ನೊಂದು ಅರ್ಥವೂ ಇದೆ: ಸೇನಾ ಕಾಲೇಜಿನಲ್ಲಿ ತರಬೇತಿ ಮುಗಿಸಿ ಹೊರಬರುವುದು. ಅಮೆರಿಕದವರು ಹಂಚುವುದಕ್ಕೂ ಇದೇ ಮಾತು ಬಳಸುತ್ತಾರೆ. ಅಲ್ಲಿ ಮೇಷ್ಟ್ರು ಪ್ರಶ್ನೆಪತ್ರಿಕೆಗಳನ್ನು ‘ಪಾಸ್ ಔಟ್’ ಮಾಡಿದರೆ ಯಾರೂ ಬೀಳುವುದಿಲ್ಲ, ಎಲ್ಲರ ಕೈಗೂ ಒಂದೊಂದು ಹಾಳೆ ಬರುತ್ತದೆ.

ಈ ಸೇನೆಯ ಅರ್ಥ ನಮಗೂ ಹೊಸದಲ್ಲ. ಪೊಲೀಸ್ ತರಬೇತಿ ಮುಗಿದಾಗ ನಡೆಯುವ ಪಾಸಿಂಗ್ ಔಟ್ ಪರೇಡನ್ನು ನಮ್ಮ ಪತ್ರಿಕೆಗಳು ‘ನಿರ್ಗಮನ ಪಥಸಂಚಲನ’ ಎಂದು ಬರೆಯುತ್ತವೆ. ಡೆಹ್ರಾಡೂನಿನಲ್ಲಿ 1932ರಲ್ಲಿ ಆರಂಭವಾದ ಭಾರತೀಯ ಸೇನಾ ಅಕಾಡೆಮಿಯಲ್ಲಿ ಕೆಡೆಟ್‌ಗಳು ಪರೇಡಿನ ಕೊನೆಗೆ ‘ಅಂತಿಮ ಪಗ್’ ಅಂದರೆ ಕೊನೆಯ ಹೆಜ್ಜೆ ದಾಟಿ ಹೋಗುತ್ತಾರೆ. ಅಲ್ಲಿಗೆ ಅವರು ಪಾಸ್ ಔಟ್. ಆ ದೃಶ್ಯವನ್ನು ಟಿವಿಯಲ್ಲಿ ನೋಡಿ ಯಾರೂ ಆಂಬುಲೆನ್ಸ್ ಕರೆಯುವುದಿಲ್ಲ. ಬ್ರಿಟಿಷರು ಸೈನಿಕರಿಗೆ ಬಳಸುವ ಮಾತನ್ನು ನಾವು ಕಾಲೇಜಿನ ಮಕ್ಕಳಿಗೂ ಬಳಸುತ್ತೇವೆ. ನಾವು ಮಾಡಿರುವುದು ಇಷ್ಟೇ. ಇದನ್ನು ತಪ್ಪು ಎನ್ನುವುದಕ್ಕಿಂತ ವಿಸ್ತರಣೆ ಎನ್ನುವುದು ಸರಿ.

ಭಾಷೆಗಳು ಹೀಗೆ ಹಿಗ್ಗುತ್ತಲೇ ಇರುತ್ತವೆ. ಸಭೆಯನ್ನು ಹಿಂದಿನ ದಿನಕ್ಕೆ ತಂದರೆ ನಾವು ‘ಪ್ರಿಪೋನ್’ ಎನ್ನುತ್ತೇವೆ. ಒಂದು ಕಾಲದಲ್ಲಿ ಇದಕ್ಕೂ ನಗುತ್ತಿದ್ದರು. ಇವತ್ತು ಅದು ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ನಮ್ಮ ‘ಅಯ್ಯೋ’ ಕೂಡ 2016ರಲ್ಲಿ ಅಲ್ಲಿಗೆ ಸೇರಿತು. ಬಳಸುವ ಜನ ಸಾಕಷ್ಟಿದ್ದು, ಅರ್ಥ ಸ್ಪಷ್ಟವಿದ್ದರೆ ನಿಘಂಟು ತಾನಾಗಿ ಹಿಂದೆ ಬರುತ್ತದೆ.

ಆದರೂ ಒಂದೇ ಮಾತಿಗೆ ಮೂರ್ಛೆಯೂ ಪದವಿಯೂ ಹೇಗೆ ಅರ್ಥವಾಗುತ್ತದೆ ಎಂದು ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ ಇದೆ. ಕನ್ನಡದಲ್ಲಿ ‘ನೋಡಿಕೊಳ್ಳುವುದು’ ಎಂದರೆ ಏನು? ‘ಅಜ್ಜಿನ ನಾನು ನೋಡ್ಕೋತೀನಿ’ ಎಂದರೆ ಆರೈಕೆ. ‘ಕಾಲೇಜು ಬಿಡ್ಲಿ, ನಿನ್ನ ನೋಡ್ಕೋತೀನಿ’ ಎಂದರೆ ಹೊಡೆತ. ಮಾತು ಒಂದೇ. ಇವೆರಡನ್ನೂ ಅದಲು ಬದಲು ಮಾಡಿಕೊಂಡ ಒಬ್ಬನೇ ಒಬ್ಬ ಕನ್ನಡಿಗನನ್ನು ನಾನು ಕಂಡಿಲ್ಲ. ಯಾರು, ಯಾರಿಗೆ, ಎಲ್ಲಿ ನಿಂತು ಹೇಳುತ್ತಿದ್ದಾರೆ ಎನ್ನುವುದೇ ಅರ್ಥವನ್ನು ತೀರ್ಮಾನಿಸುತ್ತದೆ. ಕೈಯಲ್ಲಿ ಅಂಕಪಟ್ಟಿ ಹಿಡಿದ ಹುಡುಗ ‘2023ರಲ್ಲಿ ಪಾಸ್ ಔಟ್’ ಎಂದರೆ ಅವನು ಇಡೀ ವರ್ಷ ಪ್ರಜ್ಞೆ ಇಲ್ಲದೆ ಬಿದ್ದಿದ್ದ ಎಂದು ಯಾರಿಗೂ ಅನ್ನಿಸುವುದಿಲ್ಲ. ನಕ್ಕವರಿಗೂ ಅವನ ಮಾತು ಅರ್ಥವಾಗಿಯೇ ಇತ್ತು.

ಇಲ್ಲಿಂದಲೇ ನಾನು ಮುಖ್ಯವಾಗಿ ಹೇಳಬೇಕಾದದ್ದು ಶುರುವಾಗುತ್ತದೆ. ಪಾಸ್ ಔಟ್‌ನಂಥ ಮಾತುಗಳನ್ನು ಇಂಗ್ಲಿಷ್ ವ್ಯಾಕರಣದಲ್ಲಿ ಫ್ರೇಸಲ್ ವರ್ಬ್ ಎನ್ನುತ್ತಾರೆ. ಈ ಹೆಸರು ಚಾಲ್ತಿಗೆ ಬಂದದ್ದು ಲೋಗನ್ ಪಿಯರ್‌ಸಾಲ್ ಸ್ಮಿತ್ 1925ರಲ್ಲಿ ಬರೆದ ‘ವರ್ಡ್ಸ್ ಅಂಡ್ ಈಡಿಯಮ್ಸ್’ ಪುಸ್ತಕದಿಂದ. ಆದರೆ ಅವು ಕೊಡುವ ಕಾಟ ಅದಕ್ಕಿಂತ ಹಳೆಯದು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ, ಕ್ರಿಯಾಪದದ ಮುಂದೆ ಸಣ್ಣ ಪದ ಸೇರಿಸಿ ಅರ್ಥ ಬದಲಿಸುವ ಈ ಪದ್ಧತಿ ವಿದೇಶಿಯರಿಗೆ ಎಲ್ಲಕ್ಕಿಂತ ಕಷ್ಟ ಕೊಡುತ್ತದೆ ಎಂದಿದ್ದಾನೆ. ನಮಗೂ ಕಷ್ಟವೇ. ಏಕೆಂದರೆ ನಮಗೆ ಇದನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುತ್ತಾರೆ. ಗಿವ್ ಅಪ್, ಗಿವ್ ಇನ್, ಗಿವ್ ಔಟ್ ಎಂದು ನೋಟ್ಸಿನಲ್ಲಿ ನಾಲ್ಕು ಪುಟ. ಪರೀಕ್ಷೆ ಮುಗಿದ ಮರುದಿನ ಒಂದೂ ನೆನಪಿರುವುದಿಲ್ಲ.

ಆದರೆ ಈ ಕೆಲಸವನ್ನು ನಾವು ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮಾಡುತ್ತೇವೆ. ‘ಎಮ್ಮೆ ನೋಡು’ ಎಂದರೆ ಕಣ್ಣು ಹಾಯಿಸಿದರೆ ಸಾಕು. ‘ಎಮ್ಮೆ ನೋಡ್ಕೋ’ ಎಂದರೆ ಹುಲ್ಲು ಹಾಕಿ ನೀರು ಕುಡಿಸಬೇಕು. ಇಂಗ್ಲಿಷಿನ ಲುಕ್ ಅಟ್ ಮತ್ತು ಲುಕ್ ಆಫ್ಟರ್ ನಡುವಿನ ವ್ಯತ್ಯಾಸ ಇದೇ. ಸಾಲ ‘ತೀರಿತು’ ಎಂದರೆ ಸಂತೋಷ, ಅಜ್ಜ ‘ತೀರಿಕೊಂಡರು’ ಎಂದರೆ ಸಾವು. ಮೂಟೆ ‘ಕಟ್ಟುವುದು’ ಬೇರೆ, ಹುಡುಗಿಯನ್ನು ‘ಕಟ್ಟಿಕೊಳ್ಳುವುದು’ ಬೇರೆ. ಊಟ ‘ತಿಂದ’ ಎಂದರೆ ಸುದ್ದಿ, ಆಸ್ತಿ ‘ತಿಂದುಹಾಕಿದ’ ಎಂದರೆ ದೂರು. ಅಣ್ಣ ‘ಕೈ ಕೊಟ್ಟ’ ಎಂದರೂ ಮಳೆ ‘ಕೈ ಕೊಟ್ಟಿತು’ ಎಂದರೂ ಯಾರೂ ಕೈ ಹುಡುಕುವುದಿಲ್ಲ. ಕೊಳ್ಳು, ಹಾಕು, ಬಿಡು, ಹೋಗು ಎಂಬ ಸಣ್ಣ ಕ್ರಿಯಾಪದಗಳು ದೊಡ್ಡ ಕ್ರಿಯಾಪದದ ಬಾಲ ಹಿಡಿದು ಅರ್ಥವನ್ನೇ ತಿರುಗಿಸುತ್ತವೆ. ಇಂಗ್ಲಿಷಿನಲ್ಲಿ ಅಪ್, ಔಟ್, ಆಫ್, ಅವೇ ಮಾಡುವುದೂ ಇಂಥದೇ ಕೆಲಸ. ಅದು ‘ಪಾಸ್ ಅವೇ’ ಎನ್ನುವಲ್ಲಿ ನಾವು ‘ತೀರಿಕೊಳ್ಳು’ ಎನ್ನುತ್ತೇವೆ.

ಸಂಸ್ಕೃತದಲ್ಲೂ ಇದೇ ಆಟ ಇದೆ. ಅಲ್ಲಿ ಸಣ್ಣ ಪದ ಹಿಂದೆ ಬರುವ ಬದಲು ಮುಂದೆ ಬರುತ್ತದೆ. ಅದಕ್ಕೆ ಉಪಸರ್ಗ ಎಂದು ಹೆಸರು. ದಾಟು ಎಂಬ ಅರ್ಥದ ‘ತೄ’ ಧಾತುವನ್ನು ತೆಗೆದುಕೊಳ್ಳಿ. ಅದಕ್ಕೆ ‘ಅವ’ ಸೇರಿದರೆ ಇಳಿದು ಬರುವ ಅವತಾರ. ‘ವಿ’ ಸೇರಿದರೆ ಹಂಚುವ ವಿತರಣೆ. ‘ಉತ್’ ಸೇರಿದರೆ ದಾಟಿ ಮೇಲೆ ಬಂದವನು, ಅಂದರೆ ಉತ್ತೀರ್ಣ! ನಮ್ಮ ಫಲಿತಾಂಶದ ಹಾಳೆಗಳಲ್ಲಿ ಬರುವ ಉತ್ತೀರ್ಣ ಎಂಬ ಪದವನ್ನು ಬಿಡಿಸಿದರೆ ಸಿಗುವುದು ಹೆಚ್ಚುಕಡಿಮೆ ಪಾಸ್ ಔಟ್ ಎಂಬ ಕಲ್ಪನೆಯೇ. ಹೊಳೆ ದಾಟಿ ಆಚೆ ದಡ ಹತ್ತಿದವನು ಉತ್ತೀರ್ಣ. ಒಂದೇ ಧಾತುವಿನಿಂದ ತೇರ್ಗಡೆಯೂ ಹಂಚಿಕೆಯೂ ಹುಟ್ಟಿರುವುದನ್ನು ನೋಡಿದರೆ, ಇಂಗ್ಲಿಷಿನ ಪಾಸ್ ಔಟ್‌ಗೆ ಹಲವು ಅರ್ಥ ಇರುವುದು ವಿಚಿತ್ರ ಅನ್ನಿಸುವುದಿಲ್ಲ. ಉಪಸರ್ಗಕ್ಕೆ ಒಂಟಿಯಾಗಿ ನಿಂತಾಗ ಅರ್ಥ ಇದೆಯೇ ಇಲ್ಲವೇ ಎಂಬ ವಾದ ಯಾಸ್ಕನ ನಿರುಕ್ತದಷ್ಟು ಹಳೆಯದು.

ಇದನ್ನೆಲ್ಲ ಹೇಳಲು ಶಿಕಾರಿಪುರ ತಾಲ್ಲೂಕಿನವರಿಗೆ ಸ್ವಲ್ಪ ಹಕ್ಕೂ ಇದೆ. ನಮ್ಮ ಬಳ್ಳಿಗಾವಿಯ ಕೋಡಿಮಠದಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳನ್ನು ಕಲಿಸುತ್ತಿದ್ದರು ಎಂದು 1162ರ ಶಾಸನ ಹೇಳುತ್ತದೆ. ಅದೇ ಶಾಸನ ಆ ಮಠದಲ್ಲಿ ಬಡವರಿಗೆ, ಕುರುಡರಿಗೆ, ಕುಂಟರಿಗೆ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಔಷಧ ಸಿಗುತ್ತಿತ್ತು ಎಂದೂ ಹೇಳುತ್ತದೆ. ಅಲ್ಲೇ ಹತ್ತಿರದ ತಾಳಗುಂದದಲ್ಲಿ ಪುರಾತತ್ವ ಇಲಾಖೆಯವರು 2013ರಲ್ಲಿ ಪತ್ತೆ ಮಾಡಿ ಕ್ರಿ.ಶ. 370ರದ್ದೆಂದು ಗುರುತಿಸಿದ ಸಿಂಹಕಟಾಂಜನ ಶಾಸನದಲ್ಲಿ ಸಂಸ್ಕೃತವೂ ಕನ್ನಡವೂ ಒಂದೇ ಕಲ್ಲಿನ ಮೇಲಿವೆ. ಎರಡು ಭಾಷೆಗಳನ್ನು ಒಟ್ಟಿಗೆ ಬಳಸುವುದು ನಮಗೆ ನಿನ್ನೆ ಮೊನ್ನೆ ಬಂದ ರೋಗವಲ್ಲ. ಇಂಥ ಊರುಗಳ ಪಕ್ಕದಿಂದ ಹೊರಟ ಮಕ್ಕಳು ಒಂದು ‘ಔಟ್’ಗೆ ಹೆದರಿ ಬಾಯಿ ಮುಚ್ಚಿಕೊಳ್ಳುವುದು ನನಗೆ ಬೇಸರದ ಸಂಗತಿ.

ಹಾಗಂತ, ‘ನಮ್ಮ ಇಂಗ್ಲಿಷ್ ಹೀಗೇ, ಬೇಕಾದರೆ ಕೇಳಿ’ ಎನ್ನುವುದು ನನ್ನ ವಾದವಲ್ಲ. ಕೇಳುವವರು ಯಾರು ಎನ್ನುವುದನ್ನು ನೋಡಿ ಮಾತಾಡುವುದು ಜಾಣತನ. ಅಮೆರಿಕದ ಗ್ರಾಹಕರ ಜೊತೆ ಮಾತಾಡಬೇಕಾದ ಕೆಲಸಕ್ಕೆ ಹೋಗುವವರು ಪಾಸ್ ಔಟ್ ಎಂದರೆ ಅಲ್ಲಿಯವರಿಗೆ ಮೊದಲು ಹೊಳೆಯುವುದು ಮೂರ್ಛೆಯೇ. ಹಾಗಾಗಿ ರೆಸ್ಯೂಮೆಯಲ್ಲಿ, ಹೊರದೇಶದವರ ಜೊತೆಗಿನ ಮಾತಿನಲ್ಲಿ ‘ಐ ಗ್ರ್ಯಾಜುಯೇಟೆಡ್ ಫ್ರಮ್ ಕುವೆಂಪು ಯೂನಿವರ್ಸಿಟಿ ಇನ್ 2023’ ಎನ್ನಿ. ಅಥವಾ ಇನ್ನೂ ಸುಲಭವಾಗಿ ‘ಐ ಫಿನಿಶ್ಡ್ ಮೈ ಬಿ.ಕಾಂ. ಇನ್ 2023’ ಎನ್ನಿ. ಎಲ್ಲ ದೇಶದಲ್ಲೂ ನಡೆಯುವ ಮಾತಿದು. ಊರಿನಲ್ಲಿ, ಗೆಳೆಯರಲ್ಲಿ, ಇಲ್ಲಿಯ ಕಚೇರಿಗಳಲ್ಲಿ ಪಾಸ್ ಔಟ್ ಧಾರಾಳವಾಗಿ ಬಳಸಿ.

ನಿಜವಾಗಿ ತಿದ್ದಿಕೊಳ್ಳಬೇಕಾದ ಜಾಗಗಳು ಬೇರೆ ಇವೆ. ಪರೀಕ್ಷೆಯನ್ನು ‘ಪಾಸ್’ ಮಾಡುತ್ತೇವೆ, ಅಲ್ಲಿ ಔಟ್ ಬೇಡ. ‘ಐ ಪಾಸ್ಡ್ ಔಟ್ ದಿ ಎಕ್ಸಾಮ್’ ಎಂಬುದು ಎಲ್ಲೂ ಸಲ್ಲುವುದಿಲ್ಲ. ಕಾಲೇಜಿನ ವಿಷಯ ಬಂದಾಗ ‘ಪಾಸ್ಡ್ ಔಟ್ ಫ್ರಮ್’ ಅಥವಾ ‘ಪಾಸ್ಡ್ ಔಟ್ ಆಫ್’ ಎನ್ನಬೇಕು. ಫ್ರಮ್ ಬಿಟ್ಟು ‘ಪಾಸ್ಡ್ ಔಟ್ ಕಾಲೇಜ್’ ಎಂದರೆ ಸರಿಯಾಗುವುದಿಲ್ಲ. ರಜೆ ಅರ್ಜಿಯಲ್ಲಿ ಅಜ್ಜ ತೀರಿಕೊಂಡರು ಎಂದು ಬರೆಯಬೇಕಾದಾಗ ‘ಪಾಸ್ಡ್ ಅವೇ’ ಎಂದೇ ಬರೆಯಿರಿ. ಔಟ್ ಹಾಕಿದರೆ ಅಜ್ಜ ಸ್ವಲ್ಪ ಹೊತ್ತಿನಲ್ಲಿ ಎದ್ದು ಕೂರುತ್ತಾರೆ. ಕೊನೆಯದಾಗಿ, ಪಟ್ಟಿ ಬಾಯಿಪಾಠ ಬಿಡಿ. ಹೊಸ ಫ್ರೇಸಲ್ ವರ್ಬ್ ಸಿಕ್ಕಾಗ ಪಕ್ಕದಲ್ಲಿ ಅದರ ಕನ್ನಡ ಜೋಡಿಯನ್ನು ಬರೆದು, ನಿಮ್ಮ ಮನೆಯದೇ ಒಂದು ವಾಕ್ಯ ಮಾಡಿ. ಪುಟ್ ಆಫ್ ಎಂದರೆ ಮುಂದೂಡು. ರೂಲ್ ಔಟ್ ಎಂದರೆ ತಳ್ಳಿಹಾಕು. ಟರ್ನ್ ಅಪ್ ಎಂದರೆ ಬಂದು ಮುಖ ತೋರಿಸು. ಹೀಗೆ ದಿನಕ್ಕೆ ಎರಡು ಸಾಕು.

‘ಕೆಲಸ ಕೊಡುವವರು ಅವರು, ಅವರ ಇಂಗ್ಲಿಷನ್ನೇ ಕಲಿತರೆ ಆಯ್ತಲ್ಲ, ಇಷ್ಟು ವಾದ ಯಾಕೆ?’ ಎಂದು ಕೆಲವರು ಕೇಳಬಹುದು. ಕಲಿಯೋಣ, ಕಲಿಯಲೇಬೇಕು. ಆದರೆ ನಾಚಿಕೊಂಡವನು ಕಲಿಯುವುದಿಲ್ಲ, ಅಡಗಿಕೊಳ್ಳುತ್ತಾನೆ. ನನ್ನ ಗೆಳೆಯನಿಗೆ ಆ ದಿನ ಯಾರಾದರೂ ‘ಇಲ್ಲಿ ಗ್ರ್ಯಾಜುಯೇಟೆಡ್ ಅಂದರೆ ಇನ್ನೂ ಚೆನ್ನಾಗಿರುತ್ತೆ’ ಎಂದು ಒಂದು ಮಾತು ಹೇಳಿ ಮುಂದೆ ಹೋಗಿದ್ದರೆ ಅವನು ಅಲ್ಲೇ ಕಲಿಯುತ್ತಿದ್ದ. ಲೆಕ್ಕಪತ್ರದ ಕೆಲಸಕ್ಕೆ ಆಳು ಬೇಕಾದವರು ಲೆಕ್ಕಪತ್ರ ಬರುತ್ತದೆಯೇ ಎಂದು ನೋಡಬೇಕು. ಅರ್ಥವಾದ ಮಾತಿಗೆ ಅರ್ಥವಾಗದವರಂತೆ ನಗುವುದು ಪರೀಕ್ಷೆಯಲ್ಲ, ದೊಡ್ಡಸ್ತಿಕೆ.

ಪರ ಊರಿನಲ್ಲಿ ಅವಮಾನ ಆಗುವುದು ನಮ್ಮ ಕಡೆಯವರಿಗೆ ಹೊಸದೂ ಅಲ್ಲ. ತಾಳಗುಂದದ ಸ್ತಂಭ ಶಾಸನದ ಪ್ರಕಾರ ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ವೇದಾಧ್ಯಯನಕ್ಕೆಂದು ಕಂಚಿಯ ಘಟಿಕೆಗೆ ಹೋಗಿದ್ದ. ಅಲ್ಲಿ ಪಲ್ಲವರ ಕುದುರೆ ಸವಾರರ ಜೊತೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅವನು ಪಾಸ್ ಔಟ್ ಆಗಲಿಲ್ಲ, ವಾಕ್ ಔಟ್ ಮಾಡಿದ. ಕದಂಬ ರಾಜ್ಯ ಕಟ್ಟಿದ. ನಮಗೆ ಕತ್ತಿ ಬೇಡ, ಒಂದು ನಿಘಂಟು ಸಾಕು. ಅದೂ ಈಗ ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತದೆ.

ಪಾಸ್ ಔಟ್‌ನಲ್ಲಿ ನನಗೆ ನಿಜವಾಗಿ ಚಿಂತೆ ಹಚ್ಚುವುದು ಅದರ ವ್ಯಾಕರಣವಲ್ಲ, ಆ ಔಟ್. ಡೆಹ್ರಾಡೂನಿನ ಕೆಡೆಟ್ ಅಂತಿಮ ಪಗ್ ದಾಟಿದಾಗ ಆಚೆ ಕಡೆ ಅವನಿಗೆ ಒಂದು ಹುದ್ದೆ ಕಾದಿರುತ್ತದೆ. ನಮ್ಮ ಪದವಿ ಕಾಲೇಜಿನ ಗೇಟು ದಾಟಿದವರಿಗೆ ಆಚೆ ಸಿಗುವುದು ಶಿವಮೊಗ್ಗದ ಬಸ್ಸು, ಅಲ್ಲಿಂದ ಬೆಂಗಳೂರಿನ ರಾತ್ರಿ ಬಸ್ಸು. ಇಲ್ಲದಿದ್ದರೆ ಮನೆಯ ಜೋಳದ ಹೊಲ, ಶುಂಠಿ ಗದ್ದೆ. 2024ರ ಜನವರಿ 12ರಂದು ಯುವನಿಧಿ ಯೋಜನೆಗೆ ಚಾಲನೆ ಕೊಟ್ಟದ್ದು ನಮ್ಮ ಜಿಲ್ಲಾ ಕೇಂದ್ರ ಶಿವಮೊಗ್ಗದಲ್ಲೇ. 2022–23ನೇ ಸಾಲಿನಲ್ಲಿ ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ, ಅದೂ ಹೆಚ್ಚೆಂದರೆ ಎರಡು ವರ್ಷ ಎಂದು ಅದರ ನಿಯಮ ಇತ್ತು. ಪಾಸ್ ಔಟ್ ಆದ ಮೇಲೆ ಕಾಯಬೇಕಾಗುತ್ತದೆ ಎನ್ನುವುದನ್ನು ಸರ್ಕಾರವೇ ದಿನ ಎಣಿಸಿ ಒಪ್ಪಿಕೊಂಡಂತೆ ಇದು. ಕಂಪನಿಗಳಿಗೂ ನಮ್ಮ ಪಾಸ್ ಔಟ್ ವರ್ಷ ಔಷಧಿ ಡಬ್ಬಿಯ ಮೇಲಿನ ತಾರೀಕಿನಂತೆ. ಎರಡು ವರ್ಷ ದಾಟಿದರೆ ‘ಫ್ರೆಷರ್’ ಅಲ್ಲ, ಕೆಲಸ ಮಾಡಿಲ್ಲದ ಕಾರಣ ಅನುಭವಸ್ಥರೂ ಅಲ್ಲ. ಈ ಮಾತಿನ ಬಗ್ಗೆ ಚರ್ಚೆ ಆಗಬೇಕಾದದ್ದು ಇಲ್ಲಿ.

ಅಲ್ಲಿಯವರೆಗೆ, ಸಂದರ್ಶನಕ್ಕೆ ಹೊರಟಿರುವ ಶಿಕಾರಿಪುರ, ಸೊರಬದ ಗೆಳೆಯ ಗೆಳತಿಯರಿಗೆ ನನ್ನದೊಂದು ಸಲಹೆ. ಗ್ರ್ಯಾಜುಯೇಟೆಡ್ ಎಂಬುದನ್ನು ಅಭ್ಯಾಸ ಮಾಡಿಕೊಂಡು ಹೋಗಿ. ಅಕಸ್ಮಾತ್ ಬಾಯಲ್ಲಿ ಪಾಸ್ ಔಟ್ ಬಂದು ಎದುರಿನವರು ನಕ್ಕರೆ, ‘ಸೇನೆಯಲ್ಲಿ ಬಳಸುವ ಅರ್ಥದಲ್ಲಿ ಹೇಳಿದೆ ಸರ್’ ಎಂದು ನೀವೂ ನಕ್ಕು ಮುಂದಿನ ಪ್ರಶ್ನೆಗೆ ಸಿದ್ಧರಾಗಿ. ನಿಮಗೆ ಬರುವ ವಿದ್ಯೆ ಆ ಮುಂದಿನ ಪ್ರಶ್ನೆಯಲ್ಲಿರುತ್ತದೆ. ಅದನ್ನು ಉತ್ತರಿಸುವ ಮೊದಲೇ ಎದ್ದು ಬರಬೇಡಿ.